ಕಾಟಾ ಚೀಟಿ

ಗಂಜಿನ ದಾರಿಯ ಈ ಲಾರಿ ಕಾಟಾದಾಗ
ಹತ್ತೊಂಬತ್ತು ವರ್ಷ ಕುಂತೀನಿ ನಾನು, ಶಂಶಾಲಂ.
ಹತ್ತಿ, ತೊಗರಿ, ಭತ್ತ, ಹಿಂಡಿ,
ಒಮ್ಮೆ ಸರ್ಕಸ್ಸಿನ ಆನಿ ಸುದ್ದಾ ತೂಗೀನಿ.
ಮನಿಯೊಂದನ್ನ ತೂಗಿದ್ದು
ಹ್ವಾದ ಶ್ರಾವಣದಾಗ, ಮೊದಲ ಸಲ.

ಸಾವಕಾರ ಸೂಗಣ್ಣಂದು.
ಜಿನ್ನಿಂಗ್ ಮಿಲ್ಲಿನ ಯಂತ್ರ ಯುಗಾದಿಗೇ ಹೊಳಿ ದಾಟಿದ್ವು.
ಈಗ ಕಪಾಟು, ಮಂಚ, ಫ್ರಿಜ್ಜು, ತುಳಸಿಕಟ್ಟಿ,
ಬುಡದ ಮಣ್ಣು ಸೈತ ಗೋಣಿಯಾಗ ಕಟ್ಟಿದ್ರು.
"ಬಾಡಿಗಿ ಲಾರಿ, ತೂಕದ ಮ್ಯಾಲೆ ರೊಕ್ಕ,
ಬರೋಬ್ಬರಿ ನೋಡಪಾ" ಅಂದ.
ಖಾಲಿ ಗಾಡಿ ಕಳೆದು
ನಾಕು ಟನ್ನು ಇನ್ನೂರ ಅರವತ್ತು ಕಿಲೊ.
ಇಷ್ಟೇನಾ, ಅಂದೆ ಮನಸಿನ್ಯಾಗ.
ಮೂರು ತಲಿಯ ಗಳಿಕಿ
ಅರ್ಧ ಲೋಡು ಹತ್ತಿಕಾಳಿನ ತೂಕ ಬರಲಿಲ್ಲ.

ರೊಕ್ಕ ಕಾಟಾ ಹತ್ತಲಿಲ್ಲ.
ಅದಕ್ಕ ಗಾಲಿ ಬ್ಯಾಡ, ಸೇತುವಿ ಬ್ಯಾಡ,
ಅದು ಎಂದೋ ಆಚಿ ದಂಡೀಗೆ ಕುಂತು
ಇವನ ಹಾದಿ ಕಾಯ್ತಿತ್ತು.

ಅವನ ಲೆಕ್ಕ ಅವ ಹೇಳಿದ, ಸುಳ್ಳಲ್ಲ:
ಇಲ್ಲಿ ಸೆಸ್ಸು, ಸೆಸ್ಸು ತಡಾದ್ರ ದಂಡ, ದಂಡದ ಮ್ಯಾಲೆ ಬಡ್ಡಿ,
ಜಾಗಕ್ಕ ಕರ, ಕರೆಂಟಿಗೆ ಕರ, ಅಂಗಡಿ ಬೋರ್ಡಿನ ಅಕ್ಷರಕ್ಕೂ ಕರ.
ಆಚಿ ನೂರಕ್ಕ ಎಂಟಾಣೆ ಕಮ್ಮಿ.
"ಎಂಟಾಣೆ ಅಂದ್ರ ನಗ್ತಿ ನೀನು.
ನನ್ನ ಎಂಟಾಣೆ ನಿನ್ನ ಎಂಟಾಣೆ ಅಲ್ಲ, ಶಂಶಾಲಂ.
ನಮ್ಮಪ್ಪ ಕೊಟ್ಟ, ನಾ ಕೊಟ್ಟೆ. ಗಂಜಿನ ಈ ತೆಗ್ಗು ನೋಡು,
ನಮ್ಮಪ್ಪನ ಕಾಲದ್ದು. ಅದೊಂದೇ ಬೆಳೆದೈತಿ."
ತೆಗ್ಗಿನಾಗ ನೀರಿತ್ತು,
ನೀರಿನಾಗ ಅವನ ಲಾರಿಯ ಹಸಿರು ತಾಡಪತ್ರಿ.
ಏನು ಉತ್ತರ ಕೊಡ್ಲಿ.

ಆದರ ಸೂಗಣ್ಣ,
ನಿಮ್ಮಪ್ಪಗ ಹಾವು ಕಡಿದ ರಾತ್ರಿ
ಸರಕಾರಿ ದವಾಖಾನಿ ಬಾಗಿಲು ತೆರೆದಿತ್ತಲ್ಲ,
ಆ ಸೂಜಿ ಯಾರ ಎಂಟಾಣೆದಾಗ ಬಂದಿತ್ತು?
ಕೇಳಬೇಕಂದೆ.
ಡ್ರೈವರ ಹಾರನ್ ಹೊಡೆದ.

ನಂದೂ ಕರ ಐತಿ. ಸಾಬೂನಿಗೆ, ಬಿಸ್ಕೀಟಿಗೆ,
ಅಮ್ಮಿಯ ಬಿ.ಪಿ. ಗುಳಿಗಿಗೆ.
ಯಾರೂ ನನ್ನ ಕೇಳಿ ಹಿಡೀಲಿಲ್ಲ.
ಆಚಿ ಊರಿಂದ ಯಾರೂ ಬಂದು
ಬಾರೋ ಶಂಶಾಲಂ, ನಿನಗ ಗುಳಿಗಿ ಅಗ್ಗ ಮಾಡ್ತೀವಿ ಅನ್ನಲಿಲ್ಲ.
ಹಮಾಲರು ಇಪ್ಪತ್ತೆರಡು ಮಂದಿ,
ಬೆನ್ನು ಇಲ್ಲೇ ಉಳಿದ್ವು.
ಹತ್ತಿ ಕಸ ಆರಿಸೋ ಹುಲಿಗೆಮ್ಮ
ಮಿಲ್ಲಿನ ಬೀಗ ನೋಡಿಕೋತ
ಎರಡು ದಿನ ಎಲಿ ಅಡಿಕಿ ಮೆಲ್ಲಿದ್ಲು,
ಮೂರನೇ ದಿನ ಮೆಣಸಿನಕಾಯಿ ತುಂಬು ಬಿಡಿಸಾಕ ಹೋದ್ಲು.

ದೇವಸೂಗೂರಿನ್ಯಾಗ ಲಾರಿ ನಿಲ್ಲಿಸಿ
ಕಾಯಿ ಒಡಿಸಿದ್ನಂತ ಸೂಗಣ್ಣ.
ಹೆಸರು ಕೊಟ್ಟ ಸ್ವಾಮಿ ಈಚಿ ದಂಡೀಗೇ ಉಳಿದ.
ಅವನ್ನ ತೂಗಾಕ ಯಾರೂ ತರಲಿಲ್ಲ.

ಆ ದಾರಿಗೆ ಎರಡೂ ಕಡಿ ಜಾಲಿ ಐತಿ.
ಹತ್ತಿ ಲಾರಿ ಹಾದಾಗೊಮ್ಮೆ
ಒಂದೊಂದು ಮುಳ್ಳು ಒಂದೊಂದು ಎಳಿ ಕಿತ್ಕೊಂತೈತಿ.
ಹೊಳಿಯ ಈಚಿ ಜಾಲಿ ಕಿತ್ತಷ್ಟೇ ಆಚಿ ಜಾಲಿ.
ರಶೀದಿ ಇಲ್ಲ, ರಿಯಾಯ್ತಿ ಇಲ್ಲ.
ವಸೂಲಾದದ್ದು ಗುಬ್ಬಿ ಗೂಡಿಗೆ ಹೋಗ್ತೈತಿ,
ಅಷ್ಟು ಕಣ್ಣಿಗೆ ಕಾಣತೈತಿ.

ನಿನ್ನೆ ಬಂದಿದ್ದ. ಹೊಸ ನಂಬರಿನ ಗಾಡಿ,
ಹಿಂದ ಕಲ್ಮಲಾದ ಹತ್ತಿ, ಆಚಿ ಮಿಲ್ಲಿಗೆ.
"ಅಲ್ಲಿ ಕಾಟಾ ನಂಬಾಕ ಬರೂದಿಲ್ಲೋ,
ಮೂವತ್ತು ಕಿಲೊ ನುಂಗ್ತೈತಿ. ನೀನೊಮ್ಮೆ ನೋಡು."
ನೋಡಿದೆ. ಚೀಟಿ ಹರಿದು ಕೊಟ್ಟೆ.
ಅರವತ್ತು ರೂಪಾಯಿ.
ನೂರರ ನೋಟು ಚಾಚಿದ.
ಇರ್ಲಿ ಬಿಡು ಅಂತಾನೇನೋ ಅಂತ
ಚಿಲ್ಲರೆ ಜರಾ ನಿಧಾನ ಹುಡುಕಿದೆ.
ತೆಗ್ಗಿನ ಬಾಜೂಕ ನಿಂತು,
ನಲವತ್ತು ರೂಪಾಯಿ ಎಣಿಸಿ
ಇಸಗೊಂಡು ಹ್ವಾದ.