ಎಡ ಬಾಗಿಲು

ಹದಡಿ ರಸ್ತೆಯ ಹಂಪ್ಸ್ ದಾಟಿಸಲು
ನಾಲ್ಕು ಹಲಗೆ ಹಾಸಬೇಕಾಯಿತು.
ಅಷ್ಟು ತಗ್ಗು ಆ ಕಾರು. ನಮ್ಮ ಬೀದಿನಾಯಿ
ಕುಂತಲ್ಲಿಂದಲೇ ಬಾನೆಟ್ಟಿನಾಚೆ ನೋಡಿತು.
ಇಟಲಿಯದಂತೆ. ಬಣ್ಣ, ಕಳಿತ ನೇರಳೆಹಣ್ಣು.
ಓಬಳೇಶ ಚಪ್ಪಲಿ ಹೊರಗೇ ಬಿಟ್ಟು ಬಂದ,
ಯಾರೂ ಹೇಳಿರಲಿಲ್ಲ.

ಮೊದಲು ನೀರು. ಆಮೇಲೆ ನೊರೆ.
ಆಮೇಲೆ ಸುಮ್ಮನಿರುವುದು,
ನೊರೆ ತಾನಾಗಿ ಕೊಳೆ ಇಳಿಸುವ ತನಕ.
ಈ ಊರಲ್ಲಿ ಕಾರಿನ ಮೇಲೆ ಕೂರುವುದು ಬರೀ ಧೂಳಲ್ಲ,
ಮಂಡಕ್ಕಿ ಭಟ್ಟಿಯ ಮಸಿ. ರಾತ್ರಿ ಎದ್ದು
ಬೆಳಗಿನೊಳಗೆ ಇಳಿಯುತ್ತದೆ,
ಅಂಗಳ, ಅಂಗಿ, ಹಾಲಿನ ಪಾತ್ರೆ ಎನ್ನದೆ.
ಒಣಬಟ್ಟೆಯಲ್ಲಿ ಒರೆಸಿದೆಯೋ, ಕೆಟ್ಟೆ.
ಒಂದೊಂದು ಕಣಕ್ಕೂ ಉಗುರಿದೆ.

ಕೈಗೆ ತೆಳು ಪ್ಲಾಸ್ಟಿಕ್ ಕವರು ಹಾಕಿಕೊಂಡು
ಕಣ್ಣು ಮುಚ್ಚಿ ಅದರ ಮೈಮೇಲೆ ಹಾಯಿಸುತ್ತೇನೆ.
ಕಾಣದ್ದೆಲ್ಲ ಬೆರಳ ತುದಿಗೆ ಗರಗರ ಅನ್ನುತ್ತದೆ.
ಇದನ್ನು ಯಾವ ಟ್ರೈನಿಂಗಿನಲ್ಲೂ ಕಲಿತಿಲ್ಲ.
ನಮ್ಮಪ್ಪ ಪಿಂಜಾರ ಮೌಲಾಸಾಬ್, ಗಾದಿ ಹೊಲಿಯುವವನು,
ಬಿಲ್ಲಿನ ನರ ಮೀಟಿ ಮೀಟಿ ಅರಳೆ ಹಿಂಜಿ
ರಾಶಿಯೊಳಗೆ ಮೊಣಕೈ ತನಕ ಇಳಿದು
'ಬೀಜದ ಚೂರು ಐತಿ ನೋಡು ಇಲ್ಲಿ' ಅನ್ನುತ್ತಿದ್ದ.
'ಕಣ್ಣಿಗೆ ಮೋಸ ಮಾಡಬಹುದು ಮಗಾ,
ಮಲಗಿದ ಬೆನ್ನಿಗೆ ಆಗಲ್ಲ.'

ಜೇಡಿಮುದ್ದೆ ತಟ್ಟಿ, ಮಡಚಿ, ಮತ್ತೆ ತಟ್ಟಿ
ಇಡೀ ಮೈ ಸವರುವಷ್ಟರಲ್ಲಿ ಸಂಜೆ.
ಲೈಟು ಹಿಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆ,
ಯಾವನೋ ಪುಣ್ಯಾತ್ಮ ಹಳೇ ಟವೆಲ್ಲಿನಲ್ಲಿ
ಪ್ರೀತಿಯಿಂದಲೇ ಸುತ್ತಿ ಸುತ್ತಿ ಒರೆಸಿದ್ದು.

ಪಾಲಿಶ್ ಅಂದರೆ ಹಚ್ಚುವುದು ಅಂದುಕೊಂಡಿದೆ ಜನ.
ಅಲ್ಲ. ತೆಗೆಯುವುದು.
ಗೀರಿನ ತಳ ಸಿಗುವ ತನಕ ಸುತ್ತಲ ದಿಬ್ಬ ಇಳಿಸುವುದು.
ಕೂದಲೆಳೆಗಿಂತ ತೆಳ್ಳನೆ ಪದರ,
ಅದರ ಆಯುಷ್ಯದಲ್ಲಿ ಇಷ್ಟೇ ಸಲ ಎಂಬ ಲೆಕ್ಕ.
ಅದಕ್ಕೇ ಮೊದಲು ಮೀಟರ್ ಇಟ್ಟು ಅಳೆದು
ಹಳದಿ ಟೇಪಿನ ಚೂರಿಗೆ ಬರೆದು ಅಂಟಿಸುತ್ತೇನೆ.
ಬಾನೆಟ್ಟು ನೂರಾ ಹದಿನೆಂಟು.
ಬಲ ಬಾಗಿಲು ನೂರಾ ಇಪ್ಪತ್ತು.
ಎಡ ಬಾಗಿಲು ಇನ್ನೂರ ಎಂಬತ್ತು.
ಇನ್ನೊಮ್ಮೆ ಇಟ್ಟೆ. ಇನ್ನೂರ ಎಂಬತ್ತು.
'ಮೀಟರ್ ಕೆಟ್ಟೈತೇನಣ್ಣ' ಅಂದ ಓಬಳೇಶ.
ಮೀಟರ್ ಕೆಟ್ಟಿರಲಿಲ್ಲ.

ಪೈಪ್ ಫ್ಯಾಕ್ಟರಿಯ ಅಜ್ಜಯ್ಯ
(ಹೆಸರಷ್ಟೇ ಅಜ್ಜ, ವಯಸ್ಸು ಮೂವತ್ತು ದಾಟಿಲ್ಲ)
ರಾತ್ರಿ ಹನ್ನೊಂದಕ್ಕೆ ಬಂದ.
ನಾಳೆ ಹುಬ್ಬಳ್ಳಿಯಿಂದ ಕಾರು ನೋಡಲು ಬರುತ್ತಾರಂತೆ.
ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಸುತ್ತ ನಡೆದ,
ಗೋಡೆಗೆ ಅಂಟಿಸಿದ ರಿಸಲ್ಟು ನೋಡುವ ಹುಡುಗನ ಹಾಗೆ
ಒಂದೊಂದೇ ಟೇಪು ಓದುತ್ತ.
ಎಡಕ್ಕೆ ಬಂದು ನಿಂತ.
'ಗೊತ್ತಾಗುತ್ತಾ?'
'ಕಣ್ಣಿಗಿಲ್ಲ. ಚೆನ್ನಾಗೇ ಹೊಡೆದಿದ್ದಾರೆ.
ಅಳೆದರೆ ಗೊತ್ತಾಗುತ್ತೆ.'
ಮಿಷನ್ ಆಫ್ ಮಾಡಿದ್ದೆ. ಫ್ಯಾನಿನ ಸದ್ದೊಂದೇ.
ಆ ಟೇಪನ್ನು ಉಗುರಲ್ಲಿ ಮೆಲ್ಲಗೆ ಬಿಡಿಸಿ
ಅಂಗಿ ಜೇಬಿಗೆ ಹಾಕಿ, ಮೇಲಿಂದ ಒಮ್ಮೆ ಒತ್ತಿಕೊಂಡ.
ಆ ಕಡೆ ಯಾರು ಕೂತಿದ್ದರು ಎಂದು ನಾನು ಕೇಳಲಿಲ್ಲ.
'ಇದಕ್ಕೂ ಅಷ್ಟೇ ಹೊಳಪು ಬರಲಿ' ಅಂದು ಹೋದ.

ಬಂತು. ಮೂರು ಗಂಟೆಗೆ,
ಪ್ಯಾಡು ಬದಲಿಸಿ, ವೇಗ ಇಳಿಸಿ,
ತೋಳಿನ ಭಾರವನ್ನಷ್ಟೇ ಬಿಟ್ಟಾಗ.
ಬಣ್ಣ ಧಾರಾಳವಿತ್ತು ಅಲ್ಲಿ, ತಗೋ ತಗೋ ಅನ್ನುವ ಹಾಗೆ.
ಉಳಿದೆಲ್ಲಕ್ಕಿಂತ ಹೆಚ್ಚು ಹೊಳೆದದ್ದೂ ಅದೇ.
ಅದರೊಳಗೆ ಟ್ಯೂಬ್‌ಲೈಟು, ಓಬಳೇಶನ ಆಕಳಿಕೆ,
ನನ್ನ ಹುಬ್ಬಿನ ಮೇಲೆ ಕೂತ ಬೂದುಪುಡಿ,
ಒಂದೂ ಅಲುಗದೆ.

ಭಟ್ಟಿಗಳ ಮಸಿ ಶಟರ್ ಸಂದಿಯಲ್ಲಿ ನುಸುಳುವ ಮೊದಲೇ
ಹೊದಿಕೆ ಎಳೆದು ಬಿಲ್ ಪುಸ್ತಕ ತೆಗೆದೆ.
ತೊಳೆದದ್ದು, ಜೇಡಿ, ಎರಡು ಹಂತದ ಪಾಲಿಶ್.
ಕೆಳಗೆ 'ಅಳತೆ' ಅಂತ ಒಂದು ಕಾಲಂ ಇದೆ,
ನಾನೇ ಕಾಸು ಕೊಟ್ಟು ಅಚ್ಚು ಹಾಕಿಸಿದ್ದು.
ಎಡ ಬಾಗಿಲ ಮುಂದೆ ಪೆನ್ನು ನಿಂತಿತು.
'ಅಣ್ಣಾ, ಚಾ ತರ್ಲಾ?'
'ತಾ' ಅಂದೆ. ಎದ್ದು ಹೋಗಿ,
ಹೊದಿಕೆಯ ಅಂಚೆತ್ತಿ ಇನ್ನೊಮ್ಮೆ ಅಳೆದು ಬಂದು ಬರೆದೆ:
ಇನ್ನೂರ ಎಪ್ಪತ್ತೇಳು.
ಮೂರು ನಾನು ತೆಗೆದದ್ದು.