ಕೇಳಿದ್ದಕ್ಕೆ

ನಾಣ್ಯ ನುಂಗದೆ ಮೇಲೇರದ ಲಿಫ್ಟು,
ಕುತಾಯಿಸಿಯ ಏಳನೆಯ ಮಹಡಿ.
ಮಂಗಳವಾರಕ್ಕೊಮ್ಮೆ ಬರುವ ಎತೆರಿ
ಕೋಟು ಕಳಚಿ ಅಂಗೈ ಉಜ್ಜಿಕೊಳ್ಳುತ್ತಾಳೆ:
ರಿಯೋನಿ ನದಿಯ ಚಳಿ ಬೆರಳಿಂದ ಇಳಿಯಬೇಕು ಮೊದಲು.

ಸಾಂದ್ರೊನ ಮುಷ್ಟಿ ಆರು ವರ್ಷದಿಂದ ಮುಚ್ಚಿದೆ.
ಹೋದ ವಾರ ಒಳಗೆ ಸಿಕ್ಕಿದ್ದು
ಕಂಬಳಿಯ ಎಳೆ, ರೊಟ್ಟಿಯ ಪುಡಿ,
ಬೆವರಿನ ಹುಳಿ ವಾಸನೆ.
ಅಕ್ರೋಟಿನೆಣ್ಣೆ ಹಚ್ಚಿ ಮಣಿಕಟ್ಟಿನಿಂದ ಮೆಲ್ಲಗೆ
ಹೆಬ್ಬೆರಳ ಬುಡಕ್ಕೆ; ಮತ್ತೆ ಮೊದಲಿಂದ.

ಮುಟ್ಟುವ ಮುನ್ನ ಎರಡೂ ಅಂಗೈ ತೋರಿಸಿ
"ಮುಟ್ಟಲೇ?" ಅನ್ನುವುದು ಅವಳ ಪದ್ಧತಿ.
ಉತ್ತರ ಬಂದದ್ದಿಲ್ಲ. ಆದರೂ
ಉತ್ತರ ಬರುವಷ್ಟು ಹೊತ್ತು ಕಾಯುತ್ತಾಳೆ.
ತಾಯಿ ಇರ್ಮಾ ಅಡುಗೆಮನೆಯಿಂದ ಗಡಿಯಾರ ನೋಡುತ್ತಾಳೆ.

ಇವತ್ತು ಆ ಗಂಟುಮುಷ್ಟಿ
ಅಲುಗಿ, ತಡವರಿಸಿ, ದಾರಿ ತಪ್ಪಿ
ಅವಳ ಕೈಯನ್ನು ತಳ್ಳಿತು.
"ಅಯ್ಯೋ, ತಪ್ಪು ತಿಳೀಬೇಡಿ" ಇರ್ಮಾ ಓಡಿಬಂದಳು.
ಎತೆರಿ ಎಣ್ಣೆ ಶೀಸೆಗೆ ಬಿರಡೆ ಒತ್ತಿದಳು:
"ತಪ್ಪೇನು? ಬೇಡ ಅಂದ.
ನಾನು ಕೇಳಿದ್ದೆನಲ್ಲ."

ಉಳಿದ ಮುಕ್ಕಾಲು ಗಂಟೆ
ಮೂವರೂ ಸುಮ್ಮನೆ ಕೂತರು.
ದುಡ್ಡು ಮುಟ್ಟಲಿಲ್ಲ ಎತೆರಿ. ಇಳಿಯುವಾಗ
ಲಿಫ್ಟಿಗೆ ಮಾತ್ರ ಇರ್ಮಾಳ ನಾಣ್ಯ.