ವಾಪಸು ಬಂದ ಫ್ರೇಮು

ಈ ಊರಿನ ಹೆಸರು ಹಲ್.
ಜನವರಿಯಲ್ಲಿ ಹಂಬರ್ ನದಿ ದಾಟಿ ಬರುವ ಗಾಳಿಗೆ
ದವಡೆ ಕಟಕಟಿಸುವಾಗೆಲ್ಲ
ಸರಿಯಾದ ಹೆಸರೇ ಇಟ್ಟಿದ್ದಾರೆ ಅನ್ನಿಸುತ್ತದೆ.

ನನ್ನ ಹೆಸರು ವನಮಾಲ.
ಬ್ಯಾಡ್ಜಿನಲ್ಲಿ ಮಾಲೆಗೆ ಜಾಗ ಸಾಲದೆ
ಬರೀ ವನ ಉಳಿದಿದೆ.
ಅಂಗಡಿಯ ಮೂರನೇ ಸಾಲು, ಡಿಜಿಟಲ್ ಫೋಟೋ ಫ್ರೇಮುಗಳು, ನನ್ನ ಪಾಲು;
ಶನಿವಾರ ವಾಪಸಾತಿ ಕೌಂಟರೂ.

ಯಾವುದು ಒಳ್ಳೆಯದು ಎಂದು ಕೇಳುತ್ತಾರೆ.
ಹೇಳುತ್ತೇನೆ:
ಈ ಅಗ್ಗದ್ದಕ್ಕೆ ನೀವೇ ಕಾರ್ಡು ತುರುಕಬೇಕು.
ಕೊಟ್ಟಷ್ಟನ್ನೇ ತೋರಿಸುತ್ತದೆ, ಹಳೇ ಗುಮಾಸ್ತನ ಹಾಗೆ,
ಲೋಕದ ಗೊಡವೆ ಅದಕ್ಕಿಲ್ಲ.

ಇದು ವೈಫೈನದು. ಪರ್ತ್‌ನಲ್ಲಿ ಮೊಮ್ಮಗು ಕೇಕಿಗೆ ಬೆರಳಿಟ್ಟರೆ
ಇಲ್ಲಿ ನಿಮ್ಮ ಮೇಜಿಗೆ ಕೆನೆ ಹತ್ತುತ್ತದೆ.
ಆದರೆ ತಿಂಗಳಿಗಿಷ್ಟು ಬಾಡಿಗೆ ಕಟ್ಟಬೇಕು,
ನಿಮ್ಮದೇ ಮೊಮ್ಮಗುವಿಗೆ.
ಕಂಪನಿ ಬಾಗಿಲು ಹಾಕಿದರೆ ಏನು ಗತಿ?
ಮ್ಯಾನೇಜರು ಹತ್ತಿರವಿಲ್ಲದಾಗ ಅದನ್ನೂ ಹೇಳುತ್ತೇನೆ.

ಅದೋ ಅದು ಕಾಗದದಂಥ ಪರದೆ, ಬೆಳಕು ಸೂಸದು.
ಒಂದು ಪಟದಿಂದ ಇನ್ನೊಂದಕ್ಕೆ ಹೋಗಲು
ಬಾಣಂತಿ ಮಗ್ಗುಲು ಬದಲಿಸಿದಷ್ಟು ಹೊತ್ತು.
ಬಣ್ಣ ತುಸು ಸಪ್ಪೆ, ಹತ್ತಾರು ಸಲ ಒಗೆದ ಸೀರೆಯದು.
ನನಗೆ ಇಷ್ಟ. ಮಾರಾಟವಾದದ್ದು ಎರಡೇ.

ತೀರಾ ಅಗಲದ್ದು ಬೇಡಿ. ಸಿನಿಮಾಕ್ಕೆ ಸರಿ,
ನಿಂತ ಮನುಷ್ಯರ ತಲೆಯನ್ನೋ ಕಾಲನ್ನೋ ಕತ್ತರಿಸುತ್ತದೆ.

ಹೀಗೆ ಹೇಳುತ್ತ ಹೇಳುತ್ತ ಒಳಗೊಳಗೇ ನಗು.
ಹೊಸಪೇಟೆಯ ನಮ್ಮ ಓಣಿಯಲ್ಲಿ
ಗೋಡೆಯ ಮೇಲೆ ಫೋಟೋ ಆಗಬೇಕೆಂದರೆ
ಮೊದಲು ಸಾಯಬೇಕಿತ್ತು.
"ಹಿಂಗ ಬೀಡಿ ಸೇದಿಕೋತ ಹೋದ್ರ ಫೋಟೋ ಆಗ್ತಿ ನೋಡು"
ಎಂದು ಹುಲಿಗೆವ್ವತ್ತೆ ಗಂಡನನ್ನು ಬೈಯುತ್ತಿದ್ದಳು.
ಆತ ಆದ. ಮೊಳೆ, ಗಾಜು, ಗಂಧದ ಹಾರ, ಜೀರೋ ಬಲ್ಬು.
ಇಲ್ಲಿ ಸತ್ತವರೂ ಇದ್ದವರೂ ಒಂದೇ ಸರದಿಯಲ್ಲಿ
ಹತ್ತು ಹತ್ತು ಸೆಕೆಂಡು:
ಅಜ್ಜ, ನಾಯಿ, ಮದುವೆ, ಯಾರದೋ ಹೊಸ ಕಾರು, ಮತ್ತೆ ಅಜ್ಜ.
ಹಾರ ಹಾಕುವುದು ಯಾರಿಗೆ?

ಹೋದ ಶನಿವಾರ ಡೋರೀನ್ ಸ್ಕೆಲ್ಟನ್ ಬಂದರು,
ಬೆವರ್ಲಿ ರಸ್ತೆಯ ಬಸ್ಸಿಳಿದು, ರಟ್ಟಿನ ಡಬ್ಬಿ ಎದೆಗವಚಿಕೊಂಡು.
ಅವರದು ದುಬಾರಿಯದು, ಕಣ್ಣಿರುವ ಜಾತಿಯದು:
ಕೋಣೆಗೆ ಯಾರಾದರೂ ಬಂದರೆ ಎದ್ದು ಕೂರುತ್ತದೆ,
ಬರಿದಾದರೆ ಮಲಗುತ್ತದೆ.
"ಕೆಟ್ಟಿದೆ. ಎದುರಿಗೇ ಕೂತರೂ ಏಳುವುದಿಲ್ಲ.
ನಲವತ್ತು ವರ್ಷ ಅವನೂ ಹೀಗೇ" ಎಂದರು.

ಡಬ್ಬಿಯೊಳಗೆ ಫ್ರೇಮಿನ ಜೊತೆ ಮರೆತು ಬಂದ
ಕಪ್ಪುಬಿಳಿ ಪಟ್ಟಿಯ ಉಣ್ಣೆ ಮಫ್ಲರು,
ರಗ್ಬಿ ಪಂದ್ಯಗಳದ್ದು. ಅದರ ಮೈಮೇಲೆ
ಎರಡು ಚೂಪು ಮೂಲೆಯ ಗುರುತು ಇನ್ನೂ ಹಾಗೇ.
ತಂತಿ ಸಿಕ್ಕಿಸಿದೆ. ಎದ್ದ:
ದೋಣಿಕಟ್ಟೆಯಲ್ಲಿ ಕಣ್ಣು ಕಿರಿದು ಮಾಡಿ ನಿಂತ ಮನುಷ್ಯ,
ಕುತ್ತಿಗೆಗೆ ಅದೇ ಮಫ್ಲರು.

ಏನೂ ಕೆಟ್ಟಿರಲಿಲ್ಲ.
ನೆತ್ತಿಯಲ್ಲಿನ ಸಾಸಿವೆಯಷ್ಟು ಕಣ್ಣಿಗೆ ಉಣ್ಣೆ ಮುಚ್ಚಿ
ಹಗಲೆಲ್ಲ ಕತ್ತಲು, ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು
ಮಲಗಿಯೇ ಇದ್ದ.

ವಾಪಸಾತಿ ಫಾರಮಿನಲ್ಲಿ ಕಾರಣದ ಖಾನೆಗಳು ಆರು.
ಆರರಲ್ಲೂ ಇದಿಲ್ಲ.
ಮಫ್ಲರನ್ನು ಹಿಂದಿನಿಂದ ತಂದು
ಎರಡು ಬದಿಗೂ ಇಳಿಬಿಟ್ಟು ಗಾಜಿನ ಕೆಳಗೆ ಕೂಡಿಸಿದೆ.
ಕೈಗೆ ಅಭ್ಯಾಸವಿತ್ತು.

"ನಿನಗೆ ಹೇಗೆ ಗೊತ್ತಾಯಿತು?" ಎಂದರು.
ಬ್ಯಾಡ್ಜು ಮುಟ್ಟಿಕೊಂಡೆ,
ನನ್ನ ಪೂರ್ತಿ ಹೆಸರು, ಎಂದು ಶುರುಮಾಡಿದೆ.
ಹಿಂದೆ ಕ್ಯೂ ಬಾಗಿಲವರೆಗೆ ಬೆಳೆದಿತ್ತು.

"ಈ ಚುಕ್ಕೆ ಮುಚ್ಚಬೇಡಿ, ಅಷ್ಟೇ."